ಒಂದು ಸೌಟು ಎಣ್ಣೆಯ ಆಟ

"ಗುರುಗಳೇ, ಬೆಳಗಿನ ಓದು ನನ್ನದು, ಸಂಜೆಯ ಅರ್ಥ ನಿಜಗುಣನದು. ನಾನು ಓದುವಾಗ ಜನ ಆಕಳಿಸುತ್ತಾರೆ. ಅವನು ಅರ್ಥ ಹೇಳುವಾಗ ಅದೇ ಜನ ತಲೆದೂಗುತ್ತಾರೆ. ಗಂಟಲು ಹರಿದುಕೊಳ್ಳುವವನು ನಾನು, ಹೆಸರು ಅವನಿಗೆ. ಸಂಜೆಯನ್ನು ನನಗೆ ಕೊಟ್ಟು ಬೆಳಗನ್ನು ಅವನಿಗೆ ಏಕೆ ಕೊಡಬಾರದು?"

ಹೀಗೆ ಕೇಳಿದವನು ಸಂಗಯ್ಯ. ಅವನು ಮಠಕ್ಕೆ ಬಂದು ಹನ್ನೊಂದು ವರ್ಷವಾಗಿತ್ತು. ನಿಜಗುಣ ಬಂದದ್ದೂ ಅದೇ ವರ್ಷ, ಅದೇ ತಿಂಗಳು. ಬೆಳಿಗ್ಗೆ ಒಬ್ಬ ಪುರಾಣ ಓದುವುದು, ಸಂಜೆ ಇನ್ನೊಬ್ಬ ಅದೇ ಭಾಗಕ್ಕೆ ಅರ್ಥ ಹೇಳುವುದು ಆ ಮಠದ ಪದ್ಧತಿ.

ಗುರುಗಳು ಮಠದ ಹೊಣೆ ಹೊರುವ ಮೊದಲು ಮೂವತ್ತು ವರ್ಷ ಪೇಟೆಯಲ್ಲಿ ಬಟ್ಟೆ ಅಳೆದವರು. ಗಿರಾಕಿ ಬೇಕು ಎಂದ ಕೂಡಲೇ ಕತ್ತರಿ ಹಾಕುವ ಅಭ್ಯಾಸ ಅವರಿಗೆ ಆಗಲೂ ಇರಲಿಲ್ಲ.

"ನಿನಗೆ ಬೇಕಾದದ್ದು ಸಂಜೆಯೋ, ನಿಜಗುಣನ ಬಳಿ ಏನಿದೆಯೋ ಅದೋ?" ಎಂದು ಕೇಳಿದರು.

"ಎರಡೂ ಒಂದೇ ಅಲ್ಲವೇ?"

"ಅಲ್ಲ. ಕೂತುಕೋ."

ಸಂಗಯ್ಯ ಕೂತ. ಗುರುಗಳು ಹೇಳಿದರು:

ಒಂದು ಪೇಟೆ. ಅಲ್ಲಿ ವಾರಕ್ಕೊಂದು ಸಂತೆ. ಸಂತೆಯ ದಿನ ತೊಗಲುಗೊಂಬೆ ಆಡಿಸುವವರು ಬರುತ್ತಿದ್ದರು. ಒಬ್ಬ ಭಾವ, ಒಬ್ಬ ಮೈದುನ. ಭಾವನ ಹೆಂಡತಿ, ಅಂದರೆ ಮೈದುನನ ಅಕ್ಕ, ತಾಳ ಹಿಡಿದು ಹಾಡುವವಳು. ಈ ಮೂವರ ಬಳಿ ಎರಡು ಪೆಟ್ಟಿಗೆ ಇದ್ದವು. ದೊಡ್ಡ ಪೆಟ್ಟಿಗೆಯಲ್ಲಿ ರಾಜರು, ರಕ್ಕಸರು, ಸೇನಾಪತಿಗಳು, ಕುದುರೆಗಳು. ಆ ಆಟ ಹಿಡಿದರೆ ಕೋಳಿ ಕೂಗಬೇಕು. ಪೇಟೆಯವರಿಗೆ ಅದು ಬೇಡ. ಬೆಳಿಗ್ಗೆ ಅಂಗಡಿ ಬಾಗಿಲು ತೆರೆಯಬೇಕಲ್ಲ. ಅವರಿಗೆ ಬೇಕಾದದ್ದು ಚಿಕ್ಕ ಪೆಟ್ಟಿಗೆ. ಅದರಲ್ಲಿ ಇದ್ದದ್ದು ಒಂಬತ್ತು ಗೊಂಬೆ. ಒಂಬತ್ತೂ ಒಬ್ಬನೇ ಮನುಷ್ಯ.

ಒಂಬತ್ತನ್ನೂ ಒಂದೇ ಆಡಿನ ತೊಗಲಿನಿಂದ ಕೊರೆದಿದ್ದರು. ಬೇರೆ ತೊಗಲಾದರೆ ದೀಪದ ಮುಂದೆ ಮೈಬಣ್ಣ ಬೇರೆಯಾಗಿ ಕಾಣುತ್ತದೆ. ನೋಡುವವರು ಇವನು ಬೇರೆಯವನು ಎಂದುಬಿಡುತ್ತಾರೆ.

ದೀಪ ಹಚ್ಚುವ ಹೊತ್ತಿಗೆ ಬಿಳಿ ತೆರೆ ಕಟ್ಟುತ್ತಿದ್ದರು. ಹಣತೆಗೆ ಒಂದು ಸೌಟು ಎಣ್ಣೆ ಹೊಯ್ಯುತ್ತಿದ್ದರು. ಆ ಎಣ್ಣೆ ತೀರುವಷ್ಟರಲ್ಲಿ ಒಂದು ಬದುಕು ಮುಗಿಯಬೇಕು. ತೆರೆಯ ಎಡಕ್ಕೆ ಸೂರ್ಯ, ಬಲಕ್ಕೆ ಚಂದ್ರ, ನಡುವೆ ಒಂದು ಮರ. ಸೂರ್ಯನ ಕೆಳಗೆ ಕೂಸು ಹುಟ್ಟುತ್ತದೆ. ಅಂಬೆಗಾಲಿಡುತ್ತದೆ, ಎದ್ದು ನಿಲ್ಲುತ್ತದೆ, ಬೀಳುತ್ತದೆ. ಹುಡುಗನಾಗಿ ಓಡುತ್ತದೆ. ಮೀಸೆ ಬರುತ್ತದೆ. ಮರದ ಕೆಳಗೆ ಬರುವ ಹೊತ್ತಿಗೆ ಅವನ ತಲೆಯ ಮೇಲೆ ಮೂಟೆ ಇರುತ್ತದೆ. ಮರ ದಾಟಿದರೆ ಮೂಟೆ ಇಲ್ಲ, ಬೆನ್ನು ಮಾತ್ರ ಹೊತ್ತವನ ಹಾಗೆಯೇ ಬಾಗಿರುತ್ತದೆ. ಕೈಗೆ ಕೋಲು ಬರುತ್ತದೆ. ಕೂರುತ್ತಾನೆ. ಮಲಗುತ್ತಾನೆ. ಚಂದ್ರನ ಕೆಳಗೆ ಅವನು ಮಲಗಿದ ಜಾಗದಲ್ಲಿಯೇ ಒಂದು ಕೂಸು ಕೈಕಾಲು ಬಡಿಯುತ್ತದೆ. ಎಣ್ಣೆ ತೀರುತ್ತದೆ. ಅಷ್ಟೇ ಆಟ.

ಪೇಟೆಯವರಿಗೆ ಇದು ಒಪ್ಪಿಗೆಯಾಗಿತ್ತು. ಹುಟ್ಟು, ಸಾವು, ಮತ್ತೆ ಹುಟ್ಟು, ಊಟದ ಹೊತ್ತಿಗೆ ಮನೆ.

ಸೂರ್ಯನ ಅರ್ಧ ಮೈದುನನದು. ಕೂಸಿನಿಂದ ಮೂಟೆ ಹೊತ್ತವನವರೆಗೆ ಅವನು ಆಡಿಸುತ್ತಿದ್ದ. ಚಂದ್ರನ ಅರ್ಧ ಭಾವನದು. ಬೆನ್ನು ಬಾಗಿದವನಿಂದ ಮಲಗಿದವನವರೆಗೆ ಅವನು. ಹೀಗೆ ಹಂಚಿಕೊಂಡದ್ದಕ್ಕೆ ವಯಸ್ಸು ಬಿಟ್ಟರೆ ಬೇರೆ ಕಾರಣವಿರಲಿಲ್ಲ. ಹಿರಿಯನಿಗೆ ಮುದುಕ, ಕಿರಿಯನಿಗೆ ಕೂಸು. ಇಪ್ಪತ್ತು ವರ್ಷ ಹಾಗೆಯೇ ನಡೆದಿತ್ತು.

ಆಟದಲ್ಲಿ ಬೀಳುವಾಗ, ಓಡುವಾಗ, ಕೂರುವಾಗ ಗೊಂಬೆಯನ್ನು ಒಬ್ಬನೇ ಥಟ್ಟನೆ ಬದಲಿಸಿಬಿಡಬಹುದು, ಆದರೆ ಎರಡು ಜಾಗ ಕಷ್ಟದ್ದು. ಮರದ ಕೆಳಗೆ ಒಂದು, ಚಂದ್ರನ ಕೆಳಗೆ ಒಂದು. ಅದಕ್ಕೆ ಅವರು 'ದಾಟು' ಎನ್ನುತ್ತಿದ್ದರು. ಮೂಟೆ ಹೊತ್ತವನನ್ನು ಮೈದುನ ತೆರೆಯಿಂದ ನಿಧಾನವಾಗಿ ದೀಪದ ಕಡೆಗೆ ಸರಿಸುತ್ತಾನೆ. ನೆರಳು ದೊಡ್ಡದಾಗುತ್ತದೆ, ಮಸುಕಾಗುತ್ತದೆ. ಆ ಮಸುಕಿನೊಳಗೆ ಭಾವ ಬೆನ್ನು ಬಾಗಿದವನನ್ನು ತೆರೆಗೆ ಒತ್ತುತ್ತಾನೆ. ಒಂದು ತಿಳಿಯಾಗುತ್ತ ಇನ್ನೊಂದು ಕರಗುತ್ತದೆ. ಪ್ರತಿ ಗೊಂಬೆಗೂ ಎರಡು ಕಡ್ಡಿ, ಬೆನ್ನಿಗೊಂದು, ಕೈಗೊಂದು. ಹಾಗಾಗಿ ದಾಟಿಗೆ ನಾಲ್ಕು ಕೈ ಬೇಕು. ಆ ಹೊತ್ತಿನಲ್ಲಿ ಅಕ್ಕ ತಾಳ ನಿಲ್ಲಿಸುತ್ತಾಳೆ. ನಾಲ್ಕು ಕೈ ಮತ್ತು ಒಂದು ಮೌನ. ಹರೆಯದವನು ಯಾವ ಗಳಿಗೆಯಲ್ಲಿ ಮುದುಕನಾದ ಎಂದು ಆ ಪೇಟೆಯಲ್ಲಿ ಯಾರಿಗೂ ಹಿಡಿದು ಹೇಳಲಾಗಿರಲಿಲ್ಲ. ಕಾಳಿನ ತೂಕದಲ್ಲಿ ಕೂದಲೆಳೆ ಕಂಡುಹಿಡಿಯುವ ಜನ ಅವರು.

ಆ ಪೇಟೆಯಲ್ಲಿ ಒಂದು ಪದ್ಧತಿ ಇತ್ತು. ಯುಗಾದಿಯ ಸಂಜೆ ಪೇಟೆಯ ನಡುವಿನ ಕಟ್ಟೆಯ ಮೇಲೆ ಆಡುವ ಹಕ್ಕನ್ನು ಒಬ್ಬ ಆಟಗಾರನಿಗೆ ಕೊಡುವರು. ಕೊಟ್ಟರೆ ಅದು ಅವನಿಗೆ, ಅವನ ಮಕ್ಕಳಿಗೆ, ಮೊಮ್ಮಕ್ಕಳಿಗೆ. ಕಟ್ಟೆಯ ಕಲ್ಲಿನಲ್ಲಿ ಅವನ ಹೆಸರು ಕೊರೆಯುವರು. ಒಂದು ಕಲ್ಲಿಗೆ ಒಂದೇ ಹೆಸರು. ಎರಡು ಕೊರೆದರೆ ಮೊಮ್ಮಕ್ಕಳ ಕಾಲಕ್ಕೆ ಹೊಡೆದಾಟ ಎಂದು ಹಿಂದಿನವರಿಗೆ ಗೊತ್ತಿತ್ತು. ಹಕ್ಕಿದ್ದ ಹಳೆಯ ಆಟಗಾರನ ವಂಶ ಆ ವರ್ಷ ಮುಗಿದಿತ್ತು. ಪೇಟೆಯ ಯಜಮಾನ ಒಬ್ಬ ಶೆಟ್ಟಿ. ಅವನು ಬಂದು ಹೇಳಿದ:

"ಇನ್ನು ಮೂರು ಸಂತೆ ಆಡಿ. ಮೂರನೆಯದು ಮುಗಿದ ಮೇಲೆ ಒಬ್ಬರ ಹೆಸರು ಹೇಳ್ತೀವಿ."

ಭಾವನಿಗೆ ಮಕ್ಕಳಿದ್ದರು, ಮೈದುನನಿಗೂ ಇದ್ದರು. ಮಳೆಗಾಲದಲ್ಲಿ ಯಾರ ಹೊಲದ ಬದುವಿನಲ್ಲಿ ಗುಡಿಸಲು ಹಾಕುವುದು ಎಂದು ಊರೂರು ಅಲೆಯುವ ಜನ ಅವರು. ಕಲ್ಲಿನ ಮೇಲೆ ಒಂದು ಹೆಸರು ಎಂದರೆ ಕಾಲಿಗೆ ಒಂದು ನೆಲ. ಆ ದಿನದವರೆಗೆ ಭಾವನಿಗೆ ಮೈದುನ ತನ್ನ ಇನ್ನೆರಡು ಕೈ ಇದ್ದ ಹಾಗೆ. ಆ ದಿನದಿಂದ ಅವು ಇನ್ನೊಬ್ಬನ ಕೈಗಳಾದವು.

ಮೊದಲನೆಯ ಸಂತೆ. ಭಾವ ತನ್ನ ಗೊಂಬೆಗಳನ್ನು ಹಿಡಿದು ಸರದಿಗೆ ಕಾಯುತ್ತ ನಿಂತ. ತೆರೆಯ ಹಿಂದೆ ನಿಂತವನಿಗೆ ಜನ ಕಾಣುವುದಿಲ್ಲ, ಕೇಳಿಸುತ್ತಾರೆ ಅಷ್ಟೇ. ಕೂಸು ಬಿತ್ತು. ಜನ ನಕ್ಕರು. ಕೂಸು ಎದ್ದಿತು, ಮತ್ತೆ ಬಿತ್ತು. ಇನ್ನೂ ಜೋರಾಗಿ ನಕ್ಕರು. "ಆ ಕೂಸು ಆಡಿಸೋನ ಕೈ ನೋಡ್ಬೇಕು ಕಣ್ರೀ, ಬೆಣ್ಣೆ ತಿಂದಿರ್ಬೇಕು" ಎಂದು ಒಬ್ಬ ಕಡಲೆ ವ್ಯಾಪಾರಿ ಕೂಗಿದ. ಹುಡುಗ ಓಡಿದಾಗ ಶಿಳ್ಳೆ ಬಂತು. ದಾಟು ಆಯಿತು. ಭಾವನ ಸರದಿ ಬಂತು. ಆ ಕಡೆಯಿಂದ ಒಂದು ಸದ್ದೂ ಇಲ್ಲ. ಬೆನ್ನು ಬಾಗಿತು, ಸದ್ದಿಲ್ಲ. ಕೋಲು ಬಂತು, ಸದ್ದಿಲ್ಲ. ಮುದುಕ ಮಲಗಿದ, ಜನರ ಕೆಮ್ಮಿನ ಸದ್ದೂ ಇಲ್ಲ.

ಇಪ್ಪತ್ತು ವರ್ಷ ಇದೇ ಸದ್ದು, ಇದೇ ಮೌನ ಅವನ ಕಿವಿಗೆ ಬಿದ್ದಿತ್ತು. ಅಳೆದಿರಲಿಲ್ಲ. ಈಗ ಅಳೆದ. ತನ್ನ ಪಾಲಿಗೆ ಏನೂ ಉಳಿಯಲಿಲ್ಲ.

ಮರುದಿನ ಗಂಜಿ ಕುಡಿಯುವಾಗ ಮಾತು ತೆಗೆದ.

"ಬರೋ ಸಂತೆಗೆ ಕೂಸು ನನಗಿರಲಿ. ಮುದುಕನ್ನ ನೀನು ತಗೋ."

"ಆಗಲಿ ಭಾವ."

"ಯಾಕೆ ಅಂತ ಕೇಳಲ್ವಾ?"

"ಕೇಳ್ತಾ ಕೂತ್ರೆ ನೀವು ಮನಸ್ಸು ಬದಲಾಯಿಸಿಬಿಡ್ತೀರಿ" ಎಂದ ಮೈದುನ. ಅವನು ಎದ್ದುಹೋಗಿ ಕೋಲು ಹಿಡಿದ ಗೊಂಬೆಯನ್ನು ಪೆಟ್ಟಿಗೆಯಿಂದ ತೆಗೆದೇಬಿಟ್ಟ. ಗಂಜಿ ಅರ್ಧ ಉಳಿದಿತ್ತು.

ಅಕ್ಕ ಇಬ್ಬರನ್ನೂ ನೋಡಿದಳು. "ಮುದುಕ ಕೂಸಾಡಿಸ್ತಾನೆ, ಕೂಸು ಮುದುಕನ್ನ ಆಡಿಸುತ್ತೆ. ಹಾಡನ್ನೂ ಬಾಲದಿಂದ ಶುರು ಮಾಡ್ಲಾ, ಈಗಲೇ ಹೇಳಿಬಿಡಿ" ಎಂದಳು.

ಎರಡನೆಯ ಸಂತೆ. ಭಾವ ಕೂಸನ್ನು ಬೀಳಿಸಿದ. ಜನ ನಕ್ಕರು. ಮೈದುನನಿಗೆ ನಕ್ಕಷ್ಟೇ ನಕ್ಕರು, ಕಡಿಮೆ ಇಲ್ಲ. ಆದರೆ ಅವನ ಗಮನವೆಲ್ಲ ಕಡ್ಡಿಯ ತುದಿಯಲ್ಲಿತ್ತು. ಮುಂದಿನ ಹೆಜ್ಜೆ, ಅದರ ಮುಂದಿನ ಹೆಜ್ಜೆ. ನಗು ಕಿವಿಯ ಪಕ್ಕದಲ್ಲಿ ಹಾದುಹೋಯಿತು. ನಮ್ಮ ಅಂಗಡಿಯ ಗಿರಾಕಿಗೆ ನಾವು ಬಟ್ಟೆ ಬಿಚ್ಚಿ ತೋರಿಸುತ್ತಿರುತ್ತೇವೆ, ಅವನ ಮುಖ ನೋಡಲು ಪುರುಸೊತ್ತಿಲ್ಲ. ಪಕ್ಕದ ಅಂಗಡಿಯ ಗಿರಾಕಿಯ ಮುಖ ಮಾತ್ರ ಪೂರ್ತಿ ಕಾಣುತ್ತದೆ. ಅದಕ್ಕೇ ಪಕ್ಕದ ಗಿರಾಕಿ ಯಾವಾಗಲೂ ಸಾಹುಕಾರನ ಹಾಗೆ ಇರುತ್ತಾನೆ.

ಮರದ ಕೆಳಗಿನ ದಾಟು ಚೆನ್ನಾಗಿ ಆಯಿತು. ಇನ್ನು ಚಂದ್ರನ ಕೆಳಗೆ ಕೂಸು ಹಿಡಿಯುವವರೆಗೆ ಭಾವನ ಕೈಗಳಿಗೆ ಕೆಲಸವಿಲ್ಲ. ಅವನು ಗೊಂಬೆ ಇಟ್ಟು, ತೆರೆಯ ಬದಿಯಿಂದ ಸುತ್ತಿ, ಜನರ ಮಗ್ಗುಲಿಗೆ ಹೋಗಿ ನಿಂತ. ಚಂದ್ರನ ಅರ್ಧವನ್ನು ಅವನು ಮುಂದಿನಿಂದ ನೋಡಿದ್ದು ಅದೇ ಮೊದಲು.

ತೆರೆಯ ಮೇಲೆ ಮುದುಕ ಕೋಲೂರಿ ನಡೆಯುತ್ತಿದ್ದ. ಜನ ಸದ್ದು ಮಾಡುತ್ತಿರಲಿಲ್ಲ. ಕಡಲೆ ವ್ಯಾಪಾರಿಯ ಕೈ ಬಾಯಿಗೆ ಹೋಗುವ ದಾರಿಯಲ್ಲಿ ನಿಂತಿತ್ತು. ಒಬ್ಬ ಹೆಂಗಸು ಸೆರಗಿನ ತುದಿ ಕಚ್ಚಿಕೊಂಡಿದ್ದಳು. ಶೆಟ್ಟಿ ತೆರೆಯನ್ನೇ ನೋಡುತ್ತಿರಲಿಲ್ಲ, ಮಡಿಲಲ್ಲಿ ಬಿಚ್ಚಿಟ್ಟುಕೊಂಡ ತನ್ನ ಎರಡು ಅಂಗೈಗಳನ್ನು ನೋಡುತ್ತಿದ್ದ. ಆ ಮೌನದಲ್ಲಿ ಒಂದು ಚಿಟಿಕೆ ಜಾಗವೂ ಖಾಲಿ ಇರಲಿಲ್ಲ.

ಭಾವ ಓಡಿ ಬಂದು ಕೂಸನ್ನು ಹಿಡಿದ. ಕೊನೆಯ ದಾಟು ಹೇಗೋ ತಪ್ಪಲಿಲ್ಲ.

ಇಲ್ಲಿ ಅವನು ಒಂದು ಲೆಕ್ಕ ಹಾಕಬಹುದಿತ್ತು. ಇಪ್ಪತ್ತು ವರ್ಷ ಈ ಮೌನ ನನ್ನದೇ ಆಗಿತ್ತು, ನಾನು ಹಿಂದೆ ನಿಂತಿದ್ದರಿಂದ ಕಾಣಲಿಲ್ಲ ಎಂದುಕೊಳ್ಳಬಹುದಿತ್ತು. ಅಂದುಕೊಳ್ಳಲಿಲ್ಲ. 'ನನ್ನ ಕೈಯಲ್ಲಿದ್ದಾಗ ಇದು ಬರೀ ಸದ್ದಿಲ್ಲದ್ದು. ಅವನ ಕೈಗೆ ಹೋದ ಮೊದಲನೇ ದಿನವೇ ಜನರ ಕಣ್ಣು ಒದ್ದೆಯಾಯಿತು. ನಗುವೂ ಅವನದೇ, ಅಳುವೂ ಅವನದೇ' ಎಂದುಕೊಂಡ. ಸಂಗಯ್ಯ, ಹೊಟ್ಟೆಕಿಚ್ಚಿನವನ ಮುಂದೆ ಏನು ಇಟ್ಟರೂ ಸೌದೆಯೇ.

ಅವನಿಗೆ ಈಗ ಅರ್ಧ ಸಾಲದು. ಎರಡೂ ಅರ್ಧ ಬೇಕು.

ಗೊಂಬೆಯವರಲ್ಲಿ ಒಂದು ಕಟ್ಟಳೆ ಇದೆ. ಸವೆದು ಹರಿದ ಗೊಂಬೆಯನ್ನು ಎಸೆಯುವಂತಿಲ್ಲ, ಸುಡುವಂತಿಲ್ಲ. ಮನೆಯವರು ಸತ್ತಾಗ ಮಾಡುವ ಹಾಗೆ ಹೊಳೆಗೆ ಒಯ್ದು, ಮುಳುಗಿ ಎದ್ದು, ಹಿಡಿ ಅನ್ನವಿಟ್ಟು ನೀರಿಗೆ ಬಿಡಬೇಕು. ಒಯ್ದವನು ತಿರುಗಿ ಬರುವವರೆಗೆ ಬೇರೆ ಗೊಂಬೆ ಮುಟ್ಟುವಂತಿಲ್ಲ. ಆ ಪೇಟೆಯಿಂದ ಹೊಳೆಗೆ ಹೋಗಲು ಎರಡು ದಿನ, ಬರಲು ಎರಡು ದಿನ. ಮೂರನೆಯ ಸಂತೆಗೆ ಮೂರು ದಿನ ಉಳಿದಿದ್ದಾಗ ಭಾವ ದೊಡ್ಡ ಪೆಟ್ಟಿಗೆ ತೆರೆದ. ಅದರಲ್ಲಿ ಒಬ್ಬ ಹಳೆಯ ಸೇನಾಪತಿ. ಅವನ ಭುಜದ ಬಳಿ ಬೆರಳುಗುರಿನಷ್ಟು ಬಿರುಕಿತ್ತು. ಇನ್ನೂ ಹತ್ತು ವರ್ಷ ಯುದ್ಧ ಮಾಡುವಷ್ಟು ಗಟ್ಟಿ ತೊಗಲು. ಭಾವ ಉಳಿ ತೆಗೆದುಕೊಂಡು ಬಿರುಕನ್ನು ಹೊಕ್ಕುಳದವರೆಗೆ ಎಳೆದ. ಆಮೇಲೆ ಮೈದುನನನ್ನು ಕರೆದು ತೋರಿಸಿದ.

ಮೈದುನ ಗೊಂಬೆಯನ್ನು ಎರಡು ಕೈಯಲ್ಲಿ ತೆಗೆದುಕೊಂಡ. "ಇದು ನಮ್ಮಪ್ಪ ಕೊರೆದದ್ದು ಭಾವ" ಎಂದ.

"ಅದಕ್ಕೇ ನೀನೇ ಒಯ್ಯಬೇಕು. ಮಗ ಇರುವಾಗ ಅಳಿಯ ಬಿಟ್ಟರೆ ಚೆನ್ನಾಗಿರಲ್ಲ."

ಮೈದುನ ತಲೆಗೆ ಬಟ್ಟೆ ಸುತ್ತಿಕೊಂಡ. ಸೇನಾಪತಿಯನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಹೆಗಲ ಮೇಲೆ ಇಟ್ಟುಕೊಂಡ. ಹೊರಡುವಾಗ ಭಾವನಿಗೆ ಹೇಳಿದ್ದು ಇಷ್ಟೇ: "ಕೂಸಿನ ಎಡಗೈ ಕಡ್ಡಿ ಸಡಿಲ ಇದೆ. ಬೀಳಿಸುವಾಗ ಹೆಬ್ಬೆರಳು ಕೊಡಿ." ಬದುಕಿರುವವನನ್ನು ಹೆಣ ಎಂದು ನಂಬಿ ಹೊತ್ತುಕೊಂಡು ಅವನು ಎರಡು ದಿನದ ದಾರಿ ಹಿಡಿದ.

ಅವನು ಕಣ್ಣಿಗೆ ಮರೆಯಾದ ಮೇಲೆ ಅಕ್ಕ ಗಂಡನ ಮುಂದೆ ಬಂದು ನಿಂತಳು.

"ಹಳೇ ಹರುಕು ಕಪ್ಪಗಿರುತ್ತೆ. ಇದು ಬೆಳ್ಳಗಿತ್ತು."

ಭಾವ ಉಳಿ ಒರೆಸಿ ಪೆಟ್ಟಿಗೆಗೆ ಹಾಕಿದ.

"ಅವನ ಕಣ್ಣಲ್ಲಿ ನೀರಿತ್ತು, ಹರುಕಿನ ಬಣ್ಣ ಕಾಣಲಿಲ್ಲ. ನನಗೆ ಕಂಡಿತು."

"ನಮ್ಮ ಮಕ್ಕಳಿಗೋಸ್ಕರ."

"ಮಕ್ಕಳ ಮೇಲೆ ಹಾಕಬೇಡಿ. ಅವು ಇನ್ನೂ ನಿಮ್ಮಷ್ಟು ಕೆಟ್ಟಿಲ್ಲ. ಹಾಡ್ತೀನಿ, ಹೆಂಡತಿಯಾಗಿದ್ದೀನಿ, ಹಾಡದೆ ಏನು ಮಾಡ್ಲಿ. ಆದ್ರೆ ಒಂದು ಹೇಳಿ. ದಾಟಿನಲ್ಲಿ ತಾಳ ಎಷ್ಟು ಹೊತ್ತು ನಿಲ್ಲಿಸಲಿ?"

ಅವನಿಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಅದನ್ನು ಯಾರೂ ಅಳೆದಿರಲಿಲ್ಲ. ನಾಲ್ಕು ಕೈ ದಾಟು ಮುಗಿಸಿದಾಗ ಅವಳು ತಾಳ ಎತ್ತಿಕೊಳ್ಳುತ್ತಿದ್ದಳು.

ಆ ಮೂರು ದಿನ ಅವನು ದಡ್ಡನ ಹಾಗೆ ಕೂರಲಿಲ್ಲ. ದಾರ ಕಟ್ಟಿದ, ಕೊಕ್ಕೆ ಮಾಡಿದ. ಒಂದು ಗೊಂಬೆಯ ಬೆನ್ನುಕಡ್ಡಿಯನ್ನು ಕಾಲ ಬೆರಳಿಗೆ ಸಿಕ್ಕಿಸಿ ನೋಡಿದ, ಹಲ್ಲಿನಲ್ಲಿ ಕಚ್ಚಿ ನೋಡಿದ. ಬಿಡಿಬಿಡಿಯಾಗಿ ಎಲ್ಲವೂ ಬಂತು. ಕೂಸು ಬಂತು, ಹುಡುಗ ಬಂದ, ಮುದುಕ ಬಂದ. ಕೈಚಳಕದಲ್ಲಿ ಅವನಿಗೆ ಕೊರತೆ ಇರಲಿಲ್ಲ. ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ.

ಮೂರನೆಯ ಸಂತೆ. ಎಣ್ಣೆ ಹೊಯ್ದರು. ಕೂಸು ಹುಟ್ಟಿತು, ಬಿತ್ತು. ಜನ ನಕ್ಕರು. ಹುಡುಗ ಓಡಿದ. ಮೂಟೆ ಹೊತ್ತವನು ಮರದ ಕೆಳಗೆ ಬಂದ. ಅಕ್ಕ ತಾಳ ನಿಲ್ಲಿಸಿದಳು. ಭಾವ ಅವನನ್ನು ದೀಪದ ಕಡೆಗೆ ಸರಿಸಿದ, ನೆರಳು ದೊಡ್ಡದಾಯಿತು, ಮಸುಕಾಯಿತು. ಈಗ ಇನ್ನೊಂದನ್ನು ಒತ್ತಬೇಕು. ಇರುವ ಎರಡು ಕೈಯೂ ಮಸುಕಿನಲ್ಲಿವೆ. ಅವನು ಆ ಗೊಂಬೆಯನ್ನು ದಾರಕ್ಕೆ ಬಿಟ್ಟು ಇನ್ನೊಂದನ್ನು ಹಿಡಿದ. ಕಣ್ಣು ಮಿಟುಕಿಸುವಷ್ಟು ಹೊತ್ತು ಆಗಿರಬಹುದು. ಅಷ್ಟು ಹೊತ್ತು ತೆರೆ ಬರಿದಾಗಿತ್ತು. ಒಂದು ಮರ, ಅದರ ಕೆಳಗೆ ಯಾರೂ ಇಲ್ಲ. ಆಮೇಲೆ ಬೆನ್ನು ಬಾಗಿದವನು ಬಂದು ನಿಂತ.

ಮುಂದೆ ಕೂತಿದ್ದ ಒಬ್ಬ ಮುದುಕಿ ಪಕ್ಕದವಳನ್ನು ಕೇಳಿದಳು.

"ಅಯ್ಯೋ, ಆ ಮೂಟೆಯವನು ಎತ್ಲಾಗೆ ಹೋದ್ನೇ?"

"ಮರದ ಹಿಂದಕ್ಕೆ ಹೋಗಿರ್ಬೇಕು ಬಿಡಜ್ಜಿ."

"ಮತ್ತೆ ಈ ಮುದುಕ ಯಾರು? ಅವನ ಅಪ್ಪಾನಾ? ಕೂಲಿಗೆ ಹೋದ ಮಗನ್ನ ಹುಡುಕಿಕೊಂಡು ಬಂದಂಗಿದೆ."

ಸುತ್ತಲಿನವರು ನಕ್ಕರು. ಯಾವತ್ತೂ ನಗು ಬೀಳದ ಜಾಗದಲ್ಲಿ ನಗು ಬಿತ್ತು. ಭಾವನ ಕೈ ಜಾರಲಿಲ್ಲ. ಅವನು ಮುದುಕನನ್ನು ನಡೆಸಿದ, ಕೂರಿಸಿದ, ಮಲಗಿಸಿದ. ಆದರೆ ಜನ ಆಗಲೇ ಮಗನ ದಾರಿ ಕಾಯುತ್ತಿದ್ದರು. ಕೊನೆಯಲ್ಲಿ ಮತ್ತೆ ತೆರೆ ಒಂದು ಗಳಿಗೆ ಬರಿದಾಯಿತು, ಆಮೇಲೆ ಕೂಸು ಕೈಕಾಲು ಬಡಿಯಿತು. "ಇದ್ಯಾರ ಮನೆ ಕೂಸನ್ನ ಇಲ್ಲಿ ಬಿಟ್ಟು ಹೋದ್ರು?" ಎಂದು ಕಡಲೆ ವ್ಯಾಪಾರಿ ಕೇಳಿದ. ಅದಕ್ಕೂ ನಕ್ಕರು. ಎಣ್ಣೆ ತೀರಿತು.

ಒಂಬತ್ತೂ ಒಂದೇ ತೊಗಲು. ಆದರೂ ಆ ಸಂಜೆ ತೆರೆಯ ಮೇಲೆ ಮೂವರು ಅಪರಿಚಿತರು ಬಂದು ಹೋಗಿದ್ದರು. ಒಬ್ಬ ಕಳೆದುಹೋದ, ಒಬ್ಬ ಸತ್ತ, ಒಂದು ಕೂಸು ಅನಾಥವಾಯಿತು. ಬದುಕು ಮಾತ್ರ ಎಲ್ಲಿಯೂ ಇರಲಿಲ್ಲ.

ಜನ ಎದ್ದು ಹೋದ ಮೇಲೆ ಶೆಟ್ಟಿ ತೆರೆಯ ಹಿಂದಕ್ಕೆ ಬಂದ. ಭಾವ ಬೆವರಿದ್ದ. ಅವನ ಕಾಲ ಬೆರಳಿನಲ್ಲಿ ಇನ್ನೂ ದಾರ ಇತ್ತು.

"ಒಬ್ಬನೇ ಆಡಿಸಿದೆಯಾ?"

"ಹೌದು ಬುದ್ಧಿ. ಕೂಸಿಂದ ಮುದುಕನವರೆಗೆ ನಾನೊಬ್ಬನೇ. ಹಕ್ಕು ಕೊಡೋದಾದ್ರೆ..."

"ಅದನ್ನೇ ಕೇಳೋಕೆ ಬಂದೆ" ಎಂದ ಶೆಟ್ಟಿ. "ನಮಗೇನು, ಕೂಸು ಬಿದ್ರೆ ಯಾರ ಕೈಯಲ್ಲಿ ಬಿದ್ರೂ ನಗು ಬರುತ್ತೆ. ಮುದುಕ ಮಲಗಿದ್ರೆ ಯಾರ ಕೈಯಲ್ಲಿ ಮಲಗಿದ್ರೂ ಮನೆಯ ಹಿರಿಯರು ನೆನಪಾಗ್ತಾರೆ. ನಡುವೆ ಒಂದಾಗ್ತಿತ್ತಲ್ಲ, ಮರದ ಕೆಳಗೆ? ಅವನೇ ಇವನು ಅಂತ ಅನ್ನಿಸ್ತಿತ್ತಲ್ಲ? ಅದನ್ನ ಆಡಿಸ್ತಿದ್ದವನ ಹೆಸರು ಕಲ್ಲಿಗೆ ಹಾಕೋಣ ಅಂತಿದ್ವಿ. ಅವನು ಯಾರು?"

ಭಾವ ಬಾಯಿ ತೆರೆದ. ನಾನು ಎನ್ನಲು ಹೊರಟ, ಅದು ಸುಳ್ಳು. ಮೈದುನ ಎನ್ನಬೇಕೆಂದರೆ ಅದೂ ಸುಳ್ಳು. ಆ ಜಾಗದಲ್ಲಿ ಒಬ್ಬ ಸರಿಯುತ್ತಿದ್ದ, ಒಬ್ಬ ಬರುತ್ತಿದ್ದ, ಒಬ್ಬಳು ಸುಮ್ಮನಾಗುತ್ತಿದ್ದಳು. ಆಡಿಸುತ್ತಿದ್ದವನು ಎಂದು ಹೆಸರು ಹೇಳಲು ಅಲ್ಲಿ ಯಾರೂ ಇರಲಿಲ್ಲ. ಶೆಟ್ಟಿ ಸ್ವಲ್ಪ ಹೊತ್ತು ಕಾದು ಹೋದ. ಅವನಿಗೆ ಬೇರೆ ಕೆಲಸವಿತ್ತು. ಕಟ್ಟೆಯ ಕಲ್ಲು ಹಾಗೆಯೇ ಉಳಿಯಿತು.

ಮೈದುನ ಮರುದಿನ ಬಂದ. ಅಕ್ಕ ಅವನಿಗೆ ಹರುಕಿನ ಬಣ್ಣ ಹೇಳಿರಬೇಕು. ಕೂಗಾಟವೇನೂ ಆಗಲಿಲ್ಲವಂತೆ. ಚಿಕ್ಕ ಪೆಟ್ಟಿಗೆ ತೆರೆದು ಹಂಚಿಕೊಂಡರಂತೆ, ನಾಲ್ಕು ಒಬ್ಬನಿಗೆ, ಐದು ಒಬ್ಬನಿಗೆ. ಆಮೇಲೆ ಒಂದು ಊರಿನಲ್ಲಿ ಕೂಸು ಬೆಳೆದು ಮೂಟೆ ಹೊತ್ತು ಅಲ್ಲಿಯೇ ನಿಲ್ಲುತ್ತಿತ್ತು. ಇನ್ನೊಂದು ಊರಿನಲ್ಲಿ ಎಲ್ಲಿಂದಲೋ ಬಂದ ಒಬ್ಬ ಮುದುಕ ಸಾಯುತ್ತಿದ್ದ. ಎರಡೂ ಊರಿನವರು ಎರಡು ಸಂತೆ ನೋಡಿದರು, ಮೂರನೆಯದಕ್ಕೆ ಕರೆಯಲಿಲ್ಲ. ನಾನು ಮೂವತ್ತು ವರ್ಷ ಅಂಗಡಿಯಲ್ಲಿ ಕೂತವನು. ಒಂದು ಸೀರೆಯನ್ನು ನಡುವೆ ಹರಿದು ಎರಡು ಮಾಡಿದರೆ ಎರಡು ಸೀರೆಯಾಗುವುದನ್ನು ನಾನು ನೋಡಿಲ್ಲ.

ಗುರುಗಳು ನಿಲ್ಲಿಸಿದರು. ಸಂಗಯ್ಯ ಎದ್ದು ಕೈಮುಗಿದ. ಆಮೇಲೆ ಹೇಳಿದ:

"ತಿಳಿಯಿತು ಗುರುಗಳೇ. ಸಂಜೆ ನನಗೆ ಬೇಡ. ಆದರೆ ಒಂದು ಮಾತ್ರ ತಿಳಿಯಲಿಲ್ಲ. ಕೂಸನ್ನು ಕೊಡು ಎಂದ ಕೂಡಲೇ ಆ ಮೈದುನ ಹಾಗೆ ಕೊಟ್ಟುಬಿಟ್ಟನಲ್ಲ, ಏಕೆ? ಅವನದೂ ನಿಜಗುಣನ ಹಾಗೆ ಕಿಚ್ಚಿಲ್ಲದ ಮನಸ್ಸೇ? ಅಂಥ ಮನಸ್ಸು ನನಗೇಕೆ ಬರಲಿಲ್ಲ?"

ಗುರುಗಳು ಹೇಳಿದರು: "ನಿನ್ನೆ ನಿಜಗುಣ ನೀನು ಕೂತಲ್ಲಿಯೇ ಕೂತು ನಿನ್ನ ಬೆಳಗನ್ನು ತನಗೆ ಕೊಡಿ ಎಂದು ಕೇಳಿದ."